ತಂಗಿ ಆಡದೇ ಹೋದ ಪಂದ್ಯ

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಚಿಕ್ಕಮಗಳೂರಿನಿಂದ ಮೂಡಿಗೆರೆ, ಕೊಟ್ಟಿಗೆಹಾರ, ಬಾಳೂರು ಮೇಲೆ ಕಳಸಕ್ಕೆ ಹೋಗುವ ಬೆಳಗಿನ ಗಾಡಿ ಆರು ವರ್ಷದಿಂದ ನನ್ನದೇ. ಆ ದಾರಿಯಲ್ಲಿ ಫೋನಿನ ಸಿಗ್ನಲ್ ಎಲ್ಲಿ ಹೋಗುತ್ತದೆ, ಎಲ್ಲಿ ಬರುತ್ತದೆ ಎಂಬುದು ನನಗೆ ಸ್ಟಾಪುಗಳಷ್ಟೇ ಚೆನ್ನಾಗಿ ಗೊತ್ತು. ಆ ಮಂಗಳವಾರ ಕೊಟ್ಟಿಗೆಹಾರ ದಾಟಿದ ಮೇಲೆ ತಂಗಿಯ ಫೋನು ಬಂದಾಗ, ಇನ್ನು ನಾಲ್ಕು ತಿರುವು ಕಳೆದರೆ ಮಾತು ಕಡಿಯುತ್ತದೆ ಎಂದು ನನಗೆ ತಿಳಿದಿತ್ತು. ಅದೇ ದಾರಿಯಲ್ಲಿ ಐದು ವರ್ಷ ಕಾಲೇಜಿಗೆ ಓಡಾಡಿದ ಅವಳಿಗೂ ತಿಳಿದಿತ್ತು. ಉದ್ದಕ್ಕೆ ಮಾತಾಡಲು ಆಗದಿರಲಿ ಎಂದೇ ಆ ಹೊತ್ತು ನೋಡಿ ಮಾಡಿದ್ದಳು ಎಂದು ಈಗ ಅನ್ನಿಸುತ್ತದೆ.

"ಅಕ್ಕ, ಒಂದು ವಿಷಯ. ಅಮ್ಮಂಗೆ ಹೇಳ್ಬಾರ್ದು."

"ಎಂತದು?"

"ಬಲಗೈ ಮರಗಟ್ತದೆ. ಸ್ಕ್ರಮ್ ಪ್ರಾಕ್ಟೀಸ್ ಆದ್ಮೇಲೆ. ಹತ್ತು ನಿಮಿಷ ಅಷ್ಟೇ, ಆಮೇಲೆ ಸರಿಯಾಗ್ತದೆ."

"ಎಷ್ಟು ಸಲ ಆಯ್ತು?"

"ಮೂರು. ನಿನ್ನೆದೂ ಸೇರಿ."

"ಡಾಕ್ಟರಿಗೆ ತೋರ್ಸಿದ್ಯಾ?"

ಬಸ್ಸು ಎರಡನೇ ತಿರುವು ತೆಗೆದುಕೊಂಡಿತು. "ತೋರ್ಸಿದ್ರೆ ಕೂರಿಸ್ತಾರೆ ಅಕ್ಕ. ಶನಿವಾರ ಫ್ಲೈಟು. ಯಾರಿಗೂ ಹೇಳ್ಬೇಡ, ಆಣೆ" ಎಂದಳು. ನಾನು ಏನಾದರೂ ಹೇಳುವ ಮೊದಲೇ ಲೈನು ಹೋಯಿತು.

ಹೊರದೇಶದಲ್ಲಿ ನಡೆಯುವ ಒಂದು ಪಂದ್ಯಕ್ಕಾಗಿ ನನ್ನ ತಂಗಿ ಭಾರತದ ಮಹಿಳಾ ರಗ್ಬಿ ತಂಡಕ್ಕೆ ಆಯ್ಕೆಯಾಗಿದ್ದಳು. ಹೀಗೆಂದರೆ ನಮ್ಮ ಕಡೆ ಈಗಲೂ ಜನ ಒಂದು ಕ್ಷಣ ಮುಖ ನೋಡುತ್ತಾರೆ. ನಮ್ಮದು ಬಾಳೂರಿನ ಹತ್ತಿರ ಎರಡೆಕರೆ ಕಾಫಿ. ಅಪ್ಪ ತೀರಿಕೊಂಡ ಮೇಲೆ ಅಮ್ಮನೇ ನೋಡಿಕೊಂಡಿದ್ದಾಳೆ. ತಂಗಿ ಹುಟ್ಟಿದಾಗಿನಿಂದಲೂ ಗಟ್ಟಿ ಆಳು. ಕೊಯ್ಲಿನ ದಿನಗಳಲ್ಲಿ ಕಣದಿಂದ ಕಾಫಿ ಮೂಟೆ ಎತ್ತಿ ಒಬ್ಬಳೇ ಒಳಗಿಡುತ್ತಿದ್ದಳು. ಚಿಕ್ಕಮಗಳೂರಿನ ಕಾಲೇಜಿನಲ್ಲಿ ಗುಂಡು ಎಸೆಯುತ್ತಿದ್ದವಳನ್ನು ದೈಹಿಕ ಶಿಕ್ಷಣದ ಮೇಷ್ಟ್ರು ನೋಡಿ, "ನೀನು ಎಸೀಬೇಡ, ತಳ್ಳು" ಎಂದು ರಗ್ಬಿಗೆ ಹಾಕಿದರು. ಒಂದನೇ ನಂಬರಿನ ಜಾಗ. ಅದನ್ನು ಪ್ರಾಪ್ ಅನ್ನುತ್ತಾರೆ.

"ಕಬಡ್ಡಿ ಥರಾನಾ?" ಎಂದು ಅಮ್ಮ ಕೇಳಿದ್ದಳು.

"ಇಲ್ಲಮ್ಮ. ಆ ಕಡೆ ಎಂಟು ಜನ, ಈ ಕಡೆ ಎಂಟು ಜನ. ಮುಂದಿನ ಮೂರು ಮೂರು ಜನ ತಲೆ ಒಳಗೆ ಸೇರಿಸಿ ಬಗ್ಗಬೇಕು. ಹಿಂದಿನವರೆಲ್ಲ ಅವರ ಮೇಲೆ ಭಾರ ಹಾಕ್ತಾರೆ. ಯಾರು ತಳ್ತಾರೋ ಅವರಿಗೆ ಚೆಂಡು. ಅದಕ್ಕೆ ಸ್ಕ್ರಮ್ ಅಂತಾರೆ."

"ಮುಂದೆ ಇರೋದು ಯಾರು?"

"ನಾನೇ."

ಅಮ್ಮ ಅಂದಿನಿಂದ ಟಿವಿಯ ಮುಂದೆ ಕುಳಿತಾಗಲೆಲ್ಲ ತನ್ನ ಕುತ್ತಿಗೆಯ ಹಿಂಭಾಗವನ್ನು ತಾನೇ ಒತ್ತಿಕೊಳ್ಳುವುದನ್ನು ನಾನು ನೋಡಿದ್ದೇನೆ.

ತಂಗಿಗೆ ಆ ತಂಡದ ಚರಿತ್ರೆಯೆಲ್ಲ ಬಾಯಿಗೆ ಬರುತ್ತಿತ್ತು. ನಮ್ಮ ಗಂಡಸರ ತಂಡ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿದ್ದೇ ತೊಂಬತ್ತರ ದಶಕದ ಕೊನೆಯಲ್ಲಂತೆ. ಹೆಂಗಸರು ಏಳು ಜನರ ಆಟ ಆಡುತ್ತಿದ್ದರೂ, ಹದಿನೈದು ಜನರ ಪೂರಾ ರಗ್ಬಿಗೆ ತಂಡ ಕಟ್ಟಿದ್ದು ಇನ್ನೂ ಇಪ್ಪತ್ತು ವರ್ಷ ತಡವಾಗಿ. ಮೊದಲ ಪಂದ್ಯಗಳಲ್ಲಿ ಸೋತರು. ಮರುವರ್ಷ ಸಿಂಗಾಪುರದ ಮೇಲೆ ಎರಡೇ ಅಂಕದಿಂದ ಗೆದ್ದರು. ಆ ಗೆಲುವಿನ ಕೊನೆಯ ನಿಮಿಷಗಳ ವಿಡಿಯೊವನ್ನು ಅವಳು ಎಷ್ಟು ಸಲ ನೋಡಿದ್ದಳೆಂದರೆ, ಯಾರು ಯಾವಾಗ ಬಿದ್ದರು, ಯಾರು ಅತ್ತರು ಎಂಬುದನ್ನು ಹೇಳುತ್ತಿದ್ದಳು. ಆಮೇಲೆ ಕೊರೋನಾ ಬಂತು, ಎಲ್ಲ ನಿಂತಿತು. "ಗಂಡಸರ ಕ್ರಿಕೆಟ್ಟಿನವರು ಒಂದು ತಿಂಗಳಲ್ಲಿ ಆಡೋವಷ್ಟನ್ನ ನಮ್ಮ ತಂಡ ಹುಟ್ಟಿದಾಗಿಂದ ಆಡಿಲ್ಲ ಅಕ್ಕ. ಒಂದು ಪಂದ್ಯ ತಪ್ಪಿದ್ರೆ ಮುಂದಿಂದು ಯಾವಾಗ್ಲೋ" ಎನ್ನುತ್ತಿದ್ದಳು. ಟೆಸ್ಟ್, ಅಂದರೆ ಇನ್ನೊಂದು ದೇಶದ ಮೇಲೆ ಪಂದ್ಯ, ಆಡಿದವರ ಹೆಸರೆಲ್ಲ ಒಂದು ಪಟ್ಟಿಯಲ್ಲಿ ಸೇರುತ್ತದಂತೆ. ಆ ಪಟ್ಟಿಗೆ ತನ್ನದೂ ಒಂದು ಸೇರಬೇಕು, ಅಷ್ಟೇ ಅವಳ ಆಸೆ.

ಅದೆಲ್ಲ ಗೊತ್ತಿದ್ದರಿಂದಲೇ ಆ ಫೋನಿನ ನಂತರ ನನಗೆ ದಿಕ್ಕು ತೋಚದಾಯಿತು. ಬಾಳೂರಿನಲ್ಲಿ ಇಳಿಯಬೇಕಾದ ಒಬ್ಬ ಅಜ್ಜನನ್ನು ಇಳಿಸದೆ ಮುಂದಕ್ಕೆ ಸೀಟಿ ಹೊಡೆದೆ. "ಎಂತ ಮಾರಾಯ್ತಿ, ನಿದ್ದೆಯಾ?" ಎಂದು ಡ್ರೈವರಣ್ಣ ಕನ್ನಡಿಯಲ್ಲಿ ನೋಡಿ ಕೇಳಿದರು. ಅವರು ಮೂಡಿಗೆರೆಯವರು. ಮೊದಲು ಗ್ಯಾರೇಜಿನಲ್ಲಿದ್ದವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನನ್ನ ಮುಖ ನೋಡಿಯೇ ಅರ್ಧ ವಿಷಯ ತಿಳಿದುಕೊಳ್ಳುವವರು. ಅವರಿಗೂ ನಾನು ಹೇಳಲಿಲ್ಲ. ಆಣೆ ಹಾಕಿದ್ದಳಲ್ಲ.

ನನ್ನ ಭಯಕ್ಕೆ ಇನ್ನೊಂದು ಕಾರಣವಿತ್ತು. ನಮ್ಮ ಪಕ್ಕದ ಮನೆಯ ಮಾವ ಕಾಳುಮೆಣಸು ಕೊಯ್ಯುವಾಗ, ಬಳ್ಳಿ ಹಬ್ಬಿಸಿದ ಸಿಲ್ವರ್ ಓಕ್ ಮರಕ್ಕೆ ಇಟ್ಟ ಏಣಿಯಿಂದ ಬಿದ್ದಿದ್ದರು. ಒಂದು ಹನಿ ರಕ್ತ ಬರಲಿಲ್ಲ. ಬಿದ್ದಲ್ಲಿಂದಲೇ "ಎಂತ ಆಗ್ಲಿಲ್ಲ" ಎಂದು ನಕ್ಕಿದ್ದರು. ಎದ್ದು ನಿಲ್ಲಲು ಹೋದಾಗ ಕೈಕಾಲು ಬರಲಿಲ್ಲ. ಅವರು ಹಾಸಿಗೆಯಲ್ಲಿ ಮೂರು ವರ್ಷ ಇದ್ದರು. ಅವರಿಗೆ ಕಾಫಿ ಕುಡಿಸುತ್ತಿದ್ದವರಲ್ಲಿ ಶಾಲೆಗೆ ಹೋಗುತ್ತಿದ್ದ ನಾನೂ ಒಬ್ಬಳು. ಲೋಟವನ್ನು ತುಟಿಗೆ ಹಿಡಿದಾಗ ಅವರು ಬೇರೆ ಕಡೆ ನೋಡುತ್ತಿದ್ದರು.

ಬುಧವಾರ ತಂಗಿಗೆ ಐದಾರು ಸಲ ಫೋನು ಮಾಡಿದೆ. ಒಂದು ಸಲ ಎತ್ತಿ, "ಈವತ್ತು ಏನೂ ಆಗ್ಲಿಲ್ಲ, ನೀನು ತಲೆ ಕೆಡಿಸ್ಕೋಬೇಡ" ಎಂದಳು. ಅವಳು ನಿಜ ಹೇಳುತ್ತಿದ್ದಾಳೋ ಸುಳ್ಳೋ ಎಂದು ದನಿಯಿಂದ ಹುಡುಕಿದೆ, ಸಿಗಲಿಲ್ಲ.

ಗುರುವಾರ ನಮ್ಮ ಬಸ್ಸಿನಲ್ಲಿ ದಿನಾ ಓಡಾಡುವ, ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಮುಂದಿನ ಸೀಟಿನಲ್ಲಿ ಕುಳಿತಿದ್ದರು. ಟಿಕೆಟ್ ಕೊಟ್ಟು ಮುಗಿಸಿ ಅವರ ಪಕ್ಕ ನಿಂತೆ. "ಮೇಡಂ, ನಮ್ಮ ಸಂಬಂಧಿಕರೊಬ್ಬರಿಗೆ..." ಎಂದು ಶುರುಮಾಡಿದೆ. ಭಾರ ಹೊತ್ತರೆ ಬಲಗೈ ಮರಗಟ್ಟುತ್ತದೆ, ಹತ್ತು ನಿಮಿಷಕ್ಕೆ ಸರಿಯಾಗುತ್ತದೆ ಎಂದು ಹೇಳಿದೆ.

"ತಲೆ ಮೇಲೆ ಹೊರ್ತಾರಾ?"

"ಒಂಥರಾ... ಕುತ್ತಿಗೆ ಮೇಲೆ."

ಅವರು ಕೈಯಲ್ಲಿದ್ದ ಫೋನು ಕೆಳಗಿಟ್ಟು ನನ್ನ ಕಡೆ ತಿರುಗಿದರು. "ನರ ಒತ್ತಿರಬಹುದು. ಒಂದೇ ಸಲ ಆದ್ರೆ ಬೇರೆ. ಮತ್ತೆ ಮತ್ತೆ ಆಗ್ತದೆ ಅಂದ್ರೆ ಸ್ಕ್ಯಾನ್ ಆಗೋ ತನಕ ಭಾರ ಹೊರಬಾರದು. ಅವರಿಗೆ ಖಂಡಿತ ಹೇಳಿ."

"ಹೊತ್ತರೆ ಏನಾಗ್ತದೆ ಮೇಡಂ?"

"ಏನೂ ಆಗದೇನೂ ಇರಬಹುದು" ಎಂದರು. ಆಮೇಲೆ, "ಆದ್ರೆ ನಾನಾದ್ರೆ ಹೊರೋಕೆ ಬಿಡಲ್ಲ" ಎಂದರು.

ಅಂದು ಕಳಸದಿಂದ ವಾಪಸು ಬರುವಾಗ ಇಡೀ ದಾರಿ ನನ್ನೊಳಗೆ ಒಂದೇ ಲೆಕ್ಕಾಚಾರ. ಹೇಳಿದರೆ ತಂಗಿ ನನ್ನನ್ನು ಕ್ಷಮಿಸುವುದಿಲ್ಲ. ಹೇಳದೆ ಏನಾದರೂ ಆದರೆ ನನ್ನನ್ನು ನಾನೇ ಕ್ಷಮಿಸಲಾರೆ. ಅಮ್ಮನಿಗೆ ಹೇಳೋಣವೆಂದರೆ ಅಮ್ಮ ಹೆದರಿ ಅಂದೇ ಭುವನೇಶ್ವರಕ್ಕೆ ಹೊರಟು ನಿಲ್ಲುವವಳು. ತಂಗಿಯ ಶಿಬಿರ ಅಲ್ಲೇ ನಡೆಯುತ್ತಿತ್ತು. ಶಿಬಿರಕ್ಕೆ ಸೇರಿಸಿಕೊಳ್ಳುವಾಗ ತಂಡದ ಮ್ಯಾನೇಜರ್ ಮನೆಯವರಿಗೆಲ್ಲ ತಮ್ಮ ನಂಬರು ಕೊಟ್ಟಿದ್ದರು. ಅದು ನನ್ನ ಫೋನಿನಲ್ಲಿತ್ತು.

ಶುಕ್ರವಾರ ಬೆಳಗ್ಗೆ ಕೊಟ್ಟಿಗೆಹಾರದಲ್ಲಿ ತಿಂಡಿಗೆ ಬಸ್ಸು ನಿಂತಿತು. ಪ್ರಯಾಣಿಕರೆಲ್ಲ ನೀರುದೋಸೆಗೆ ಇಳಿದರು. ನಾನು ಬಸ್ಸಿನ ಹಿಂದೆ ಹೋಗಿ ನಿಂತು ನಂಬರು ಒತ್ತಿದೆ. ನನ್ನ ಹಿಂದಿ ಎಸ್ಟೇಟಿಗೆ ಕೆಲಸಕ್ಕೆ ಬಂದ ಅಸ್ಸಾಮಿನವರ ಹತ್ತಿರ ಟಿಕೆಟ್ ಕೊಡುತ್ತಾ ಕಲಿತದ್ದು. ಊರಿನ ಹೆಸರು, ಚಿಲ್ಲರೆ, ಮುಂದೆ ಹೋಗಿ, ಇಷ್ಟಕ್ಕೇ ಸಾಕಾಗುವ ಹಿಂದಿ. ಆ ಹಿಂದಿಯಲ್ಲಿ ತಂಗಿಯ ಕೈಯ ವಿಷಯ ಹೇಳಿದೆ. ಮರಗಟ್ಟುವುದು ಎನ್ನಲು ಶಬ್ದ ಸಿಗದೆ "ಹಾಥ್ ಸೋ ಜಾತಾ ಹೈ", ಕೈ ನಿದ್ದೆ ಹೋಗುತ್ತದೆ, ಎಂದೆ. ಆ ಕಡೆಯ ಹೆಂಗಸು ತಡೆಯದೆ ಕೇಳಿಸಿಕೊಂಡರು. ಎಷ್ಟು ದಿನದಿಂದ, ಯಾವ ಕೈ ಎಂದು ಮಾತ್ರ ಕೇಳಿದರು. ಕೊನೆಗೆ, ಯಾರು ಹೇಳಿದರೆಂದು ಹೇಳುವುದಿಲ್ಲ ಎಂದರು.

ಫೋನು ಇಟ್ಟು ತಿರುಗಿದೆ. ಡ್ರೈವರಣ್ಣ ಒಂದು ಪ್ಲೇಟು ದೋಸೆ ಹಿಡಿದುಕೊಂಡು ಬಂದು ನಿಂತಿದ್ದರು. ಅವರ ಮುಂದೆ ಆಗ ಎಲ್ಲ ಹೇಳಿಬಿಟ್ಟೆ.

"ಹೇಳಿದ್ದು ಆಯ್ತಲ್ಲ. ಇನ್ನು ಹಿಂದೆ ನೋಡ್ಬೇಡ. ತಿನ್ನು" ಎಂದರು. ನಾನು ಪ್ಲೇಟನ್ನು ಹಾಗೇ ಹಿಡಿದುಕೊಂಡು ಬಸ್ಸು ಹತ್ತಿದೆ.

ಮಧ್ಯಾಹ್ನ ಮೂರರ ಹೊತ್ತಿಗೆ ತಂಗಿಯಿಂದ ಒಂದು ಮೆಸೇಜು ಬಂತು. "ನೀನೇ ಹೇಳಿದ್ದಾ?"

ಅವಳು ಹೇಳಿದ್ದು ನನ್ನೊಬ್ಬಳಿಗೇ ಆದ್ದರಿಂದ ಕೇಳುವ ಅಗತ್ಯವೇ ಇರಲಿಲ್ಲ. "ಹೌದು" ಎಂದು ಬರೆದೆ. ಅವಳು ಅದನ್ನು ನೋಡಿದಳೆಂದು ತಿಳಿಯಿತು.

ಅಂದೇ ಸ್ಕ್ಯಾನ್ ಮಾಡಿಸಿದ್ದರು. ಕುತ್ತಿಗೆಯ ಎರಡು ಮೂಳೆಗಳ ನಡುವಿನ ಡಿಸ್ಕ್ ಉಬ್ಬಿ ನರಕ್ಕೆ ತಾಗುತ್ತಿತ್ತು. ಶನಿವಾರ ತಂಡ ವಿಮಾನ ಹತ್ತಿತು. ಅವಳ ಜಾಗಕ್ಕೆ, ಇನ್ನೂ ಒಂದೂ ಟೆಸ್ಟ್ ಆಡಿರದ ಒಡಿಶಾದ ಹುಡುಗಿಯೊಬ್ಬಳನ್ನು ಸೇರಿಸಿಕೊಂಡರು. ಇದೆಲ್ಲ ನನಗೆ ತಿಳಿದದ್ದು ಮ್ಯಾನೇಜರ್ ಫೋನು ಮಾಡಿದಾಗ. ತಂಗಿ ಯಾವಾಗ ಬರುತ್ತಾಳೆಂದು ಅವರೂ ಹೇಳಲಿಲ್ಲ.

ಅಮ್ಮನಿಗೆ ಅಂದು ಸಂಜೆ ಎಲ್ಲ ಹೇಳಿದೆ. ಅವಳು ಒಲೆಯ ಮುಂದಿನಿಂದ ಏಳದೆ ಕೇಳಿಸಿಕೊಂಡಳು. "ಮಂಗಳವಾರದಿಂದ ಗೊತ್ತಿತ್ತಾ ನಿಂಗೆ?" ಎಂದಳು. ಹೌದೆಂದೆ. "ನಾಲ್ಕು ದಿನ ನನ್ನ ಜೊತೆ ಕೂತು ಊಟ ಮಾಡ್ದೆ" ಎಂದಳು. ಇಬ್ಬರಿಂದಲೂ ಬೈಸಿಕೊಳ್ಳುವುದು ನನ್ನ ಪಾಲಿಗೆ ಬಂದಿತ್ತು.

ಸೋಮವಾರ ಬೆಳಗ್ಗೆ ಚಿಕ್ಕಮಗಳೂರಿನ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಗಾಡಿ ನಿಂತಿತ್ತು. ನಾನು ಬಾಗಿಲಲ್ಲಿ ನಿಂತು "ಮೂಡಿಗೆರೆ, ಕಳಸ" ಎಂದು ಕೂಗುತ್ತಿದ್ದೆ. ಜನರ ನಡುವೆ ದೊಡ್ಡ ನೀಲಿ ಬ್ಯಾಗು, ಕುತ್ತಿಗೆಗೆ ಬಿಳಿ ಪಟ್ಟಿ, ಅವಳು ಬಂದಳು. ನನ್ನನ್ನು ದಾಟಿ ಹತ್ತಿ, ಹಿಂದಿನ ಕಿಟಕಿಯ ಪಕ್ಕ ಕುಳಿತಳು. ಬ್ಯಾಗು ಎತ್ತಿಡಲು ನಾನು ಕೈ ಚಾಚಿದರೆ, ಅವಳು ಅದನ್ನು ಕಾಲ ಬಳಿ ಎಳೆದುಕೊಂಡಳು.

ಬಸ್ಸು ಹೊರಟಿತು. ಟಿಕೆಟ್ ಕೊಡುತ್ತಾ ಕೊಡುತ್ತಾ ಅವಳ ಸೀಟಿನವರೆಗೆ ಬಂದೆ. ಈಗ ಹೆಂಗಸರಿಗೆ ದುಡ್ಡಿಲ್ಲ, ಆಧಾರ್ ತೋರಿಸಿದರೆ ಸೊನ್ನೆ ಟಿಕೆಟ್. ಅವಳು ಪರ್ಸಿನಿಂದ ಆಧಾರ್ ಕಾರ್ಡ್ ತೆಗೆದು, ಅಪರಿಚಿತರಿಗೆ ಹಿಡಿಯುವ ಹಾಗೆ ನನ್ನ ಮುಂದೆ ಹಿಡಿದಳು.

"ಬಾಳೂರು" ಎಂದಳು.

ನಾನು ಆ ಕಾರ್ಡನ್ನು ನೋಡಿದೆ. ಅದರಲ್ಲಿ ನಮ್ಮಪ್ಪನ ಹೆಸರು, ನಮ್ಮ ಮನೆಯ ವಿಳಾಸ. ಟಿಕೆಟ್ ಹರಿದು ಕೊಟ್ಟೆ. ಅವಳು ಎರಡು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು ಹೊರಗೆ ನೋಡತೊಡಗಿದಳು. ಬಾಳೂರಿನವರೆಗೆ ಪ್ರತಿ ಗುಂಡಿಗೂ ಡ್ರೈವರಣ್ಣ ಬ್ರೇಕು ಹಿಡಿದು ನಿಧಾನಕ್ಕೆ ಇಳಿಸುತ್ತಿದ್ದರು. ಅಂದು ಕಳಸಕ್ಕೆ ಅರ್ಧ ಗಂಟೆ ತಡವಾಯಿತು. ಡಿಪೋದಲ್ಲಿ ಕೇಳಿದಾಗ ಅವರು, "ರೋಡ್ ಸರಿ ಇಲ್ಲ ಸಾರ್" ಎಂದಷ್ಟೇ ಹೇಳಿದರು.

ಪಂದ್ಯ ಮುಂದಿನ ಭಾನುವಾರ ಮಧ್ಯಾಹ್ನ. ನನಗೆ ವಾರದ ರಜೆ. ಆ ಇಡೀ ವಾರ ಅವಳು ಅಮ್ಮನ ಜೊತೆ ಮಾತಾಡಿದಳು, ನಾಯಿಯ ಜೊತೆ ಮಾತಾಡಿದಳು, ನಾನು ಒಳಗೆ ಬಂದರೆ ಎದ್ದು ಹೊರಗೆ ಹೋದಳು. ಪಂದ್ಯ ನೋಡುವುದಿಲ್ಲ ಎಂದು ಅಮ್ಮನಿಗೆ ಹೇಳಿದ್ದಳು. ನಮ್ಮ ಮನೆಯೊಳಗೆ ನೆಟ್‌ವರ್ಕ್ ನಿಲ್ಲುವುದಿಲ್ಲ. ಕಣದಲ್ಲಿ ಮಾತ್ರ, ಹೆಚ್ಚಾಗಿ ಮೂಲೆಯ ಹಲಸಿನ ಮರದ ಕೆಳಗೆ, ಬರುತ್ತದೆ. ನಾನು ಅಲ್ಲಿ ಸ್ಟೂಲಿನ ಮೇಲೆ ಫೋನು ನಿಲ್ಲಿಸಿ ಒಬ್ಬಳೇ ಕುಳಿತೆ. ರಾಷ್ಟ್ರಗೀತೆ ಶುರುವಾದಾಗ ಹಿಂದೆ ಯಾರೋ ಬಂದು ನಿಂತ ಹಾಗಾಯಿತು. ತಿರುಗಿ ನೋಡಲು ನನಗೆ ಧೈರ್ಯವಾಗಲಿಲ್ಲ. ಗೀತೆ ಮುಗಿಯುವವರೆಗೂ ಅವಳು ನಿಂತೇ ಇದ್ದಳು. ಆಮೇಲೆ ಕಾಫಿ ಚೀಲದ ಮೇಲೆ ಕುಳಿತಳು.

ಒಂದನೇ ನಂಬರಿನ ಜೆರ್ಸಿಯಲ್ಲಿ ಆ ಒಡಿಶಾದ ಹುಡುಗಿ. ಜೆರ್ಸಿ ಅವಳಿಗೆ ಸ್ವಲ್ಪ ದೊಡ್ಡದು. ನನ್ನ ತಂಗಿಯ ಅಳತೆಗೆ ಹೊಲಿಸಿದ್ದಿರಬೇಕು. ಎಲ್ಲರೂ ಚೆಂಡಿನ ಹಿಂದೆ ನೋಡಿದರೆ ನಾನು ಆ ಹುಡುಗಿಯ ಕುತ್ತಿಗೆಯನ್ನೇ ನೋಡುತ್ತಿದ್ದೆ. ಪ್ರತಿ ಸ್ಕ್ರಮ್ಮಿಗೂ ಹದಿನಾರು ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದ ಶಬ್ದ ಫೋನಿನಲ್ಲೂ ಕೇಳುತ್ತಿತ್ತು. ಮೊದಲ ಅರ್ಧದಲ್ಲಿ ಒಂದು ಸಲ ಸ್ಕ್ರಮ್ ಕುಸಿದುಬಿತ್ತು. ಎಲ್ಲರೂ ಎದ್ದರು, ಅವಳು ಏಳಲಿಲ್ಲ. ಅದೇ ಗಳಿಗೆಗೆ ಚಿತ್ರ ನಿಂತುಹೋಯಿತು. ಪರದೆಯ ಮೇಲೆ ಸುಮ್ಮನೆ ಒಂದು ವೃತ್ತ ತಿರುಗುತ್ತಿತ್ತು.

ಫೋನನ್ನು ಸ್ಟೂಲಿನಿಂದ ಎತ್ತಿ ಹಿಡಿದೆ. ನನ್ನ ತಂಗಿಯನ್ನು ಅಲ್ಲಿಂದ ತೆಗೆಸಿ ಈ ಹುಡುಗಿಯನ್ನು ನಾನೇ ಅಲ್ಲಿ ಮಲಗಿಸಿದೆನೋ ಎನಿಸಿತು. ಅವಳಿಗೂ ಒಬ್ಬ ಅಕ್ಕ ಇರಬಹುದು, ಎಲ್ಲೋ ಕುಳಿತು ಇದೇ ವೃತ್ತವನ್ನು ನೋಡುತ್ತಿರಬಹುದು. ತಂಗಿ ನನ್ನ ಕೈಯಿಂದ ಫೋನು ಕಿತ್ತುಕೊಂಡು ಕಣದ ಆ ತುದಿಗೆ ಓಡಿದಳು, ತಲೆಯ ಮೇಲಕ್ಕೆ ಎತ್ತಿ ಹಿಡಿದಳು. ಕುತ್ತಿಗೆಯ ಪಟ್ಟಿಯಿಂದಾಗಿ ಮೇಲೆ ನೋಡಲಾಗದೆ, "ಅಕ್ಕ, ನೋಡು, ಬಂತಾ?" ಎಂದು ಕೂಗಿದಳು. ಬಸ್ಸಿನಲ್ಲಿ ಊರಿನ ಹೆಸರು ಹೇಳಿದ್ದು ಬಿಟ್ಟರೆ, ಹನ್ನೊಂದು ದಿನದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು ಅದು.

ನಾನು ಹತ್ತಿರ ಓಡಿದೆ. ಚಿತ್ರ ಬಂದಾಗ ಹುಡುಗಿ ನಿಂತಿದ್ದಳು. ಬಾಯಿಗೆ ನೀರು ಹಾಕಿಕೊಂಡು ಉಗುಳುತ್ತಿದ್ದಳು. "ಎದ್ದಿದ್ದಾಳೆ" ಎಂದೆ. ತಂಗಿ ಅಲ್ಲೇ ಕುಕ್ಕರುಗಾಲಲ್ಲಿ ಕುಳಿತುಬಿಟ್ಟಳು.

ಪಂದ್ಯವನ್ನು ನಾವು ಸೋತೆವು. ಕೊನೆಯ ಐದು ನಿಮಿಷದವರೆಗೂ ನಮ್ಮವರೇ ಎರಡು ಅಂಕ ಮುಂದಿದ್ದರು. ಆಗ ನಮ್ಮ ಕಡೆಯ ಸ್ಕ್ರಮ್ ಮತ್ತೆ ಕುಸಿಯಿತು. ತಪ್ಪು ಒಂದನೇ ನಂಬರಿನವಳದ್ದು ಎಂದು ರೆಫರಿ ಕೈ ತೋರಿಸಿದರು. ಎದುರಾಳಿಗಳು ಪೆನಾಲ್ಟಿ ಒದ್ದರು, ಮೂರು ಅಂಕ, ಒಂದು ಅಂಕದ ಸೋಲು. ಆ ಹುಡುಗಿ ಮೈದಾನದ ಮಧ್ಯದಲ್ಲಿ ಮುಖ ಮುಚ್ಚಿಕೊಂಡು ಕುಳಿತಿದ್ದಳು. ನನ್ನ ತಂಗಿ, "ನಾನಿದ್ದಿದ್ರೆ ಬೀಳ್ತಿರ್ಲಿಲ್ಲ" ಎಂದಳು. ನನ್ನನ್ನು ಚುಚ್ಚಲು ಹೇಳಿದ್ದಲ್ಲ. ನಿಜವೆಂದು ನಂಬಿ ಹೇಳಿದ್ದು.

ತಿಂಗಳ ಮೇಲೆ ಅವಳನ್ನು ಮಂಗಳೂರಿನ ದೊಡ್ಡ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅಮ್ಮನೂ ಬಂದಿದ್ದಳು. ಅವರು ಫಿಲ್ಮನ್ನು ಬೆಳಕಿಗೆ ಹಿಡಿದು ಪೆನ್ನಿನ ತುದಿಯಿಂದ ತೋರಿಸಿದರು. ಆಪರೇಷನ್ ಬೇಡ, ವ್ಯಾಯಾಮದಿಂದ ಸರಿಹೋಗುತ್ತದೆ, ಓಡಬಹುದು, ಭಾರ ಎತ್ತಬಹುದು ಎಂದರು. ಆದರೆ ಸ್ಕ್ರಮ್ಮಿನ ಮುಂದಿನ ಸಾಲು ಮಾತ್ರ ಇನ್ನು ಬೇಡ.

ತಂಗಿ ಕೇಳಿದಳು: "ಡಾಕ್ಟ್ರೇ, ಆ ಒಂದು ಮ್ಯಾಚ್ ಆಡಿದ್ದಿದ್ರೆ ಏನಾಗ್ತಿತ್ತು?"

ನಾನು ಅಮ್ಮನ ಸೆರಗು ಹಿಡಿದುಕೊಂಡೆ. ಅವರು ಖಂಡಿತ ಕೈ ಹೋಗುತ್ತಿತ್ತು ಎನ್ನಲಿ ಎಂದು ನನ್ನ ಮನಸ್ಸು ಬೇಡುತ್ತಿತ್ತು. ಹಾಗೆ ಬೇಡಿಕೊಂಡದ್ದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ.

ಡಾಕ್ಟರು ಕನ್ನಡಕ ತೆಗೆದರು. "ಹೇಳೋಕಾಗಲ್ಲಮ್ಮ. ಏನೂ ಆಗದೆ ಆಡಿ ಬಂದಿರಬಹುದಿತ್ತು. ಅಥವಾ ವೀಲ್‌ಚೇರಲ್ಲಿ ಬಂದಿರಬಹುದಿತ್ತು. ಎರಡಕ್ಕೂ ನನ್ನ ಹತ್ತಿರ ಪುರಾವೆ ಇಲ್ಲ" ಎಂದರು.

ವಾಪಸು ಬರುತ್ತಾ ಚಾರ್ಮಾಡಿ ಘಾಟಿ ಹತ್ತುವಾಗ ಅಮ್ಮ ನಿದ್ದೆ ಹೋದಳು. ತಂಗಿ ನನ್ನ ಪಕ್ಕದಲ್ಲಿ ಕುಳಿತಿದ್ದಳು. "ನೀನು ಹೇಳಿದ್ದು ತಪ್ಪು ಅಂತ ನಾನು ಹೇಳಲ್ಲ" ಎಂದಳು. "ಹೇಳ್ತೀನಿ ಅಂತ ನಂಗೆ ಹೇಳ್ಬೇಕಿತ್ತು. ನಾನು ರೂಮಲ್ಲಿ ಬ್ಯಾಗ್ ಪ್ಯಾಕ್ ಮಾಡ್ತಾ ಇದ್ದೆ ಅಕ್ಕ. ಮ್ಯಾನೇಜರ್ ಮೇಡಂ ಬಂದು ಬಾಗಿಲಲ್ಲಿ ನಿಂತಾಗ ನಂಗೆ ಎಂತ ಅಂತಾನೇ ಗೊತ್ತಾಗ್ಲಿಲ್ಲ."

"ನಿಂಗೆ ಹೇಳಿದ್ರೆ ನೀನು ಬೇಡ ಅಂತಿದ್ದೆ. ನಾನು ಕೇಳಿಬಿಡ್ತಿದ್ದೆ" ಎಂದೆ.

ಅದೇ ನಿಜ. ಚಿಕ್ಕಂದಿನಿಂದ ಅವಳ ಹಟಕ್ಕೆ ನಾನು ಸೋಲುತ್ತಲೇ ಬಂದವಳು. ಅವಳ ಮಾತು ಕಿವಿಗೆ ಬಿದ್ದರೆ ನನ್ನ ಗಟ್ಟಿತನ ಕರಗುತ್ತದೆಂದು ಹೆದರಿಯೇ ಕದ್ದು ಫೋನು ಮಾಡಿದ್ದೆ. ಅವಳು "ಹೂಂ, ಅದೂ ಹೌದು" ಎಂದಳು.

ಅವಳು ಈಗ ಮೂಡಿಗೆರೆಯ ಹತ್ತಿರದ ಒಂದು ಶಾಲೆಯಲ್ಲಿ ಆಟ ಕಲಿಸುತ್ತಾಳೆ. ಟೆಸ್ಟ್ ಆಡಿದವರ ಪಟ್ಟಿಯಲ್ಲಿ ಅವಳ ಹೆಸರಿಲ್ಲ, ಇನ್ನು ಸೇರುವುದೂ ಇಲ್ಲ. ಹೊಸ ತಂಡ ಪ್ರಕಟವಾದಾಗಲೆಲ್ಲ ಅವಳು ಫೋನಿನಲ್ಲಿ ಅದನ್ನು ಓದುತ್ತಾಳೆ, ನಾನು ಅವಳ ಮುಖ ಓದುತ್ತೇನೆ. ಏನೂ ತಿಳಿಯುವುದಿಲ್ಲ. ಒಡಿಶಾದ ಆ ಹುಡುಗಿ ಅವಳಿಗೆ ವಾರಕ್ಕೊಂದು ಸಲ ಫೋನು ಮಾಡುತ್ತಾಳೆ. ಸೋತ ಮರುದಿನವೇ ಮೊದಲು ಫೋನು ಮಾಡಿದವಳು ನನ್ನ ತಂಗಿಯಂತೆ. ಬಗ್ಗುವಾಗ ಕಾಲು ಎಲ್ಲಿರಬೇಕು, ಭುಜ ಎಷ್ಟು ಕೆಳಗಿರಬೇಕು ಎಂದು ಇಬ್ಬರೂ ಅರ್ಧ ಹಿಂದಿ ಅರ್ಧ ಇಂಗ್ಲಿಷಿನಲ್ಲಿ ಗಂಟೆಗಟ್ಟಲೆ ಮಾತಾಡುತ್ತಾರೆ.

ಮೊನ್ನೆ ಆ ಹುಡುಗಿ ಮತ್ತೆ ಒಂದನೇ ನಂಬರಿನಲ್ಲಿ ಆಡಿದಳು. ನಾನು ಡ್ಯೂಟಿ ಬದಲಿಸಿಕೊಂಡು ಮನೆಗೆ ಬಂದಿದ್ದೆ. ಹಲಸಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಇಬ್ಬರೂ ಕುಳಿತೆವು. ಮೊದಲ ಸ್ಕ್ರಮ್ಮಿಗೆ ಎರಡೂ ಕಡೆಯವರು ಬಗ್ಗಿದಾಗ ತಂಗಿ ಕುರ್ಚಿಯ ತುದಿಗೆ ಸರಿದು, ತನ್ನ ಭುಜವನ್ನೂ ಕೆಳಗಿಳಿಸಿದಳು. ನಾನು ಪರದೆಯಿಂದ ಕಣ್ಣು ತೆಗೆದು ಕಾಫಿ ಗಿಡಗಳ ಕಡೆ ನೋಡಿದೆ. ಡಿಕ್ಕಿಯ ಶಬ್ದ ಕೇಳಿತು. ಆಮೇಲೆ ಸೀಟಿ.

"ನಿಂತ್ರು! ಅಕ್ಕ, ನಿಂತ್ರು, ಪೆನಾಲ್ಟಿ ನಮ್ಗೇ!" ಎಂದು ಅವಳು ನನ್ನ ಬೆನ್ನಿಗೆ ಗುದ್ದಿದಳು.

ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು, "ಮುಗೀತಾ?" ಎಂದು ಕೇಳಿದಳು.

"ಈಗ ಶುರುವಾಗಿದೆ ಅಷ್ಟೇ" ಎಂದಳು ತಂಗಿ.